ಒಂದು ಆಲೂಗಡ್ಡೆ, ಲಕ್ಷ ಭೂಮಿ, ಮನೆಯಲ್ಲೇ ಉಳಿದ ಹುಡುಗ

ಒಂದು ಪುಟ್ಟ ಡಬ್ಬಿ. ಒಳಗೆ ಒಂದಿಷ್ಟು ವೈರು, ಮೇಲೆ ಮೂರು ಕಡೆ ತಿರುಗುವ ಸ್ವಿಚ್ಚು, ಜೊತೆಗೆ ಒಂದು ಆಲೂಗಡ್ಡೆ. ಸ್ವಿಚ್ಚು ಒಂದು ಕಡೆ ಒತ್ತಿದರೆ 'ಪಶ್ಚಿಮ'ದ ಭೂಮಿ, ಇನ್ನೊಂದು ಕಡೆ ಒತ್ತಿದರೆ 'ಪೂರ್ವ'ದ ಭೂಮಿ. ಅಲ್ಲಿ ನಿಂತು ಮತ್ತೆ ಒತ್ತಿದರೆ ಇನ್ನೂ ಒಂದು. ಹೀಗೆ ಒತ್ತುತ್ತಾ ಹೋದಷ್ಟೂ ಭೂಮಿಗಳು. ಎಲ್ಲ ಕಡೆ ಕಾಡು, ನದಿ, ಪ್ರಾಣಿ, ಗಾಳಿ ಇದೆ. ಮನುಷ್ಯ ಮಾತ್ರ ಇಲ್ಲ.

ಇದು 'ದಿ ಲಾಂಗ್ ಅರ್ತ್' ಕಾದಂಬರಿಯ ಮೂಲ ಕಲ್ಪನೆ. ಬರೆದವರು ಇಬ್ಬರು ಬ್ರಿಟಿಷ್ ಲೇಖಕರು, ಟೆರ್ರಿ ಪ್ರ್ಯಾಚೆಟ್ ಮತ್ತು ಸ್ಟೀಫನ್ ಬ್ಯಾಕ್ಸ್‌ಟರ್. 2012ರಲ್ಲಿ ಮೊದಲ ಪುಸ್ತಕ, 2016ರಲ್ಲಿ ಐದನೆಯದು ಮತ್ತು ಕೊನೆಯದು. ಕಥೆ ಶುರುವಾಗೋದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಲ್ಲಿ. ಈ ಡಬ್ಬಿ ಮಾಡೋದು ಹೇಗೆ ಅನ್ನೋ ನಕ್ಷೆಯನ್ನ ಯಾರೋ ಇಂಟರ್ನೆಟ್ಟಿಗೆ ಹಾಕ್ತಾರೆ. ಮಕ್ಕಳು ಮನೆಯಲ್ಲೇ ಜೋಡಿಸಿ ಸ್ವಿಚ್ಚು ಒತ್ತುತ್ತಾರೆ. ಒಬ್ಬೊಬ್ಬರಾಗಿ ಮಾಯ. ಕತ್ತಲ ಕಾಡಲ್ಲಿ ಹೆದರಿ ಅಳುತ್ತಾ ಕೂತ ಮಕ್ಕಳನ್ನ ವಾಪಸ್ ಕರೆತರೋದು ಜೋಶುವಾ ಅನ್ನೋ ಹದಿಮೂರು ವರ್ಷದ ಅನಾಥ ಹುಡುಗ. ಅವನಿಗೆ ಡಬ್ಬಿಯೇ ಬೇಡ, ಸುಮ್ಮನೆ ದಾಟಬಲ್ಲ.

ನಮ್ಮ ಆಫೀಸಿನಲ್ಲಿ ಓದುವ ಚಟ ಇರುವ ಆರು ಜನ ಇದ್ದೀವಿ. ತಿಂಗಳಿಗೊಂದು ಪುಸ್ತಕ, ಕೊನೆಯ ಶುಕ್ರವಾರ ಊಟ ಆದಮೇಲೆ ಕ್ಯಾಂಟೀನಿನಲ್ಲಿ ಮಾತು. ಸಾಮಾನ್ಯವಾಗಿ ಅರ್ಧ ಗಂಟೆಗೆ ಮುಗಿಯುತ್ತೆ. ಈ ಪುಸ್ತಕಕ್ಕೆ ಎರಡು ಶುಕ್ರವಾರ ಬೇಕಾಯ್ತು, ಆದರೂ ಒಮ್ಮತ ಆಗಲಿಲ್ಲ. ಯಾರು ಏನಂದರು, ಯಾರು ಎಷ್ಟು ಸರಿ ಅಂತ ನನಗನ್ನಿಸಿತು ಅನ್ನೋದನ್ನ ಇಲ್ಲಿ ಬರೀತಿದ್ದೀನಿ.

'ಇನ್ನೊಬ್ಬ ನಾನು ಎಲ್ಲಿ?'

ಮೊದಲ ದೂರು ನಮ್ಮಲ್ಲೇ ಚಿಕ್ಕವನದ್ದು. ಕಾಲೇಜು ಮುಗಿಸಿ ಈಗಷ್ಟೇ ಸೇರಿದ ಹುಡುಗ. "ಮಲ್ಟಿವರ್ಸ್ ಅಂದ್ರೆ ಅಲ್ಲಿ ಇನ್ನೊಬ್ಬ ನಾನು ಇರಬೇಕಲ್ವಾ? ಡಾಕ್ಟರ್ ಆಗಿರೋ ನಾನು, ಕ್ರಿಕೆಟ್ ಆಡ್ತಿರೋ ನಾನು? ಇಲ್ಲಿ ನೋಡಿದ್ರೆ ಬರೀ ಮರ."

ಅವನ ನಿರೀಕ್ಷೆ ತಪ್ಪಲ್ಲ. ಏಳು ಆಸ್ಕರ್ ಗೆದ್ದ 'ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್' ಸಿನಿಮಾದಿಂದ ಹಿಡಿದು ಮಾರ್ವೆಲ್‌ನ ಸೂಪರ್‌ಹೀರೋಗಳವರೆಗೆ ನಾವು ನೋಡಿದ್ದೆಲ್ಲ ಅದೇ. ಇದರ ಹಿಂದಿನ ಭೌತವಿಜ್ಞಾನದ ಎಳೆ 1957ಕ್ಕೆ ಹೋಗುತ್ತೆ. ಹ್ಯೂ ಎವೆರೆಟ್ ಅನ್ನೋ ಯುವಕ ಪ್ರಿನ್ಸ್‌ಟನ್‌ನಲ್ಲಿ ಮಾಡಿದ ಪಿಎಚ್‌ಡಿಯ ಸಾರವನ್ನ ನಮ್ಮ ಭಾಷೆಯಲ್ಲಿ ಹೇಳೋದಾದರೆ: ಕ್ವಾಂಟಮ್ ಮಟ್ಟದಲ್ಲಿ ಎರಡು ಫಲಿತಾಂಶ ಸಾಧ್ಯ ಇದ್ದರೆ, ಎರಡೂ ಆಗುತ್ತವೆ, ಬೇರೆ ಬೇರೆ ಕವಲಿನಲ್ಲಿ. ಕೋಡ್ ಬರೆಯೋರಿಗೆ ಇದು ಗಿಟ್ ಬ್ರಾಂಚ್ ಇದ್ದಂಗೆ. ಒಂದೇ ವ್ಯತ್ಯಾಸ, ಇಲ್ಲಿ ಯಾವ ಬ್ರಾಂಚನ್ನೂ ಮತ್ತೆ ಮರ್ಜ್ ಮಾಡೋಕಾಗಲ್ಲ.

'ಲಾಂಗ್ ಅರ್ತ್' ಈ ಕವಲನ್ನ ತುಂಬ ಹಿಂದಕ್ಕೆ ಒಯ್ಯುತ್ತೆ. ನೀವು ಡಾಕ್ಟರ್ ಆದ್ರಾ ಎಂಜಿನಿಯರ್ ಆದ್ರಾ ಅನ್ನೋದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಮನುಷ್ಯ ಅನ್ನೋ ಜೀವಿ ಹುಟ್ಟಿದ್ದೇ ಒಂದು ಭೂಮಿಯಲ್ಲಿ, ಉಳಿದ ಕಡೆ ಆ ಕವಲು ಒಡೆಯಲೇ ಇಲ್ಲ. ದೂರ ಹೋದಷ್ಟೂ ಭೂಮಿ ಬೇರೆ ಥರ: ಹಿಮಯುಗದ ಸಾಲು, ಒಣ ಭೂಮಿಗಳ ಸಾಲು, ಬೆಚ್ಚಗಿನ ಬೇಸಾಯಕ್ಕೆ ಹೇಳಿ ಮಾಡಿಸಿದ ಸಾಲು. ಒಂದು ಕಡೆಯಂತೂ ಭೂಮಿಯೇ ಇಲ್ಲ, ಬರೀ ಖಾಲಿ ಆಕಾಶ.

ಇದನ್ನ ಅವನಿಗೆ ಅರ್ಥ ಮಾಡಿಸೋಕೆ ನಾನೊಂದು ಉದಾಹರಣೆ ಕೊಟ್ಟೆ. ಡಬ್ಬಿ ಹಿಡಿದು ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ನಿಂತು ಸ್ವಿಚ್ಚು ಒತ್ತು. ಜಾಗ ಅದೇ, ಆದರೆ ಬಸ್ಸಿಲ್ಲ. ನಿಲ್ದಾಣದ ಕೆಳಗೆ ಮುಚ್ಚಿಹೋಗಿರೋ ಧರ್ಮಾಂಬುಧಿ ಕೆರೆಯೂ ಇಲ್ಲ, ಯಾಕಂದ್ರೆ ಅಲ್ಲಿ ಕೆರೆ ಕಟ್ಟೋಕೆ ಯಾರೂ ಬರಲಿಲ್ಲ. ತಗ್ಗು, ಹುಲ್ಲು, ಮರ, ಹಕ್ಕಿ ಸದ್ದು. ಅಷ್ಟೇ. "ಹಂಗಾದ್ರೆ ಸೈಟ್ ಫ್ರೀನಾ?" ಅಂದ. ಅಲ್ಲಿಂದಲೇ ಅವನಿಗೆ ಪುಸ್ತಕ ಇಷ್ಟ ಆಗೋಕೆ ಶುರುವಾಗಿದ್ದು.

'ನಿಯಮ ಚೆನ್ನಾಗಿದೆ'

ನಮ್ಮ ಡೇಟಾಬೇಸ್ ನೋಡಿಕೊಳ್ಳೋ ಹಿರಿಯರು ಮೆಚ್ಚಿದ್ದು ಇದನ್ನೇ. ಪುಸ್ತಕ ಎರಡೇ ಎರಡು ನಿಯಮ ಹಾಕಿ, ಅದರಿಂದ ಇಡೀ ಪ್ರಪಂಚ ಹೆಣೆಯುತ್ತೆ ಅಂತ ಅವರ ವಾದ. ಒಂದು, ದಾಟಿದಾಗ ಹೆಚ್ಚಿನವರಿಗೆ ಹೊಟ್ಟೆ ತೊಳಸಿ ವಾಂತಿ ಬರುತ್ತೆ. ಎರಡು, ಕಬ್ಬಿಣ ದಾಟಲ್ಲ.

ಎರಡನೇ ನಿಯಮ ಸ್ವಲ್ಪ ಯೋಚನೆ ಮಾಡಿ. ಕಬ್ಬಿಣ ಇಲ್ಲ ಅಂದ್ರೆ ಮಾಮೂಲಿ ಬಂದೂಕಿಲ್ಲ, ಎಂಜಿನ್ನಿಲ್ಲ, ಗುದ್ದಲಿ ಇಲ್ಲ, ಮೊಳೆಯೂ ಇಲ್ಲ. ಹೊಸ ಭೂಮಿಗೆ ಹೋದವರು ಅಲ್ಲೇ ಅದಿರು ಹುಡುಕಿ, ಕುಲುಮೆ ಹಾಕಿ, ಮೊದಲಿಂದ ಶುರು ಮಾಡಬೇಕು. ಐಟಿ ಎಂಜಿನಿಯರಿಗಿಂತ ಕಮ್ಮಾರನಿಗೆ ಬೆಲೆ.

ಚಿನ್ನದ ಕಥೆ ಇನ್ನೂ ಮಜಾ. ಕ್ಯಾಲಿಫೋರ್ನಿಯಾದಲ್ಲಿ ಎಲ್ಲಿ ಚಿನ್ನ ಸಿಕ್ಕಿತ್ತು ಅಂತ ಎಲ್ಲರಿಗೂ ಗೊತ್ತು. ಪಕ್ಕದ ಭೂಮಿಯಲ್ಲೂ ಅದೇ ಜಾಗದಲ್ಲಿ ಇರುತ್ತೆ. ಆದರೆ ಅದು ಎಲ್ಲರಿಗೂ ಗೊತ್ತಿರೋದರಿಂದಲೇ ಚಿನ್ನಕ್ಕೆ ಬೆಲೆ ಉಳಿಯಲ್ಲ. ಹಿರಿಯರು ಇದನ್ನ ಕೋಲಾರಕ್ಕೆ ತಂದರು. "ಇಲ್ಲಿ 2001ರಲ್ಲಿ ಗಣಿ ಮುಚ್ಚಿದ್ರು. ಪಕ್ಕದ ಭೂಮಿಯ ಕೋಲಾರದಲ್ಲಿ ಒಬ್ಬನೂ ಮುಟ್ಟಿಲ್ಲ. ಆದರೆ ಮೂರು ಕಿಲೋಮೀಟರ್ ಆಳಕ್ಕೆ ಕಬ್ಬಿಣ ಇಲ್ಲದೆ ಹೆಂಗ್ರೀ ಇಳೀತೀರ?" ನಿಜ. ಅಲ್ಲಿ ಅಮೂಲ್ಯ ಆಗೋದು ಚಿನ್ನಕ್ಕಿಂತ ಒಂದು ಒಳ್ಳೆ ಸುತ್ತಿಗೆ.

ಅಂದಹಾಗೆ ಆಲೂಗಡ್ಡೆಯ ವಿಷಯ. ಸತು ಮತ್ತು ತಾಮ್ರದ ತುಂಡು ಚುಚ್ಚಿದರೆ ಆಲೂಗಡ್ಡೆಯಿಂದ ಒಂದು ವೋಲ್ಟಿಗೂ ಕಡಿಮೆ ಕರೆಂಟು ಬರೋದು ನಾವು ಶಾಲೆಯಲ್ಲಿ ನೋಡಿದ್ದೇ. ಅಸಲಿಗೆ ಶಕ್ತಿ ಬರೋದು ಸತು ಕರಗೋದರಿಂದ, ಆಲೂಗಡ್ಡೆ ಬರೀ ನಡುವಿನ ರಸ. ಅಂಥದ್ದನ್ನ ಬ್ರಹ್ಮಾಂಡ ದಾಟೋ ಯಂತ್ರಕ್ಕೆ ಇಟ್ಟಿರೋದು ಅಪ್ಪಟ ಪ್ರ್ಯಾಚೆಟ್ ತಮಾಷೆ.

'ನಗು ಎಲ್ಲಿ, ಕಥೆ ಎಲ್ಲಿ?'

ಅಲ್ಲೇ ಮೂರನೇ ದೂರು. ನಮ್ಮಲ್ಲೊಬ್ಬಳು 'ಡಿಸ್ಕ್‌ವರ್ಲ್ಡ್' ಭಕ್ತೆ. ಪ್ರ್ಯಾಚೆಟ್ ಆ ಸರಣಿಯಲ್ಲಿ ಬರೆದ 41 ಕಾದಂಬರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಓದಿದಾಳೆ. "ಪುಟಕ್ಕೆ ಮೂರು ಸಲ ನಗಿಸ್ತಿದ್ದ ಮನುಷ್ಯ ಇಲ್ಲಿ ಅಧ್ಯಾಯಕ್ಕೊಂದ್ಸಲ ನಗಿಸ್ತಾರೆ" ಅಂತ ಅವಳ ಬೇಸರ. ಆಲೂಗಡ್ಡೆ, ಬೈಕ್ ಓಡಿಸೋ ನನ್, ಟಿಬೆಟ್ಟಿನ ಮೋಟರ್‌ಸೈಕಲ್ ಮೆಕ್ಯಾನಿಕ್ಕಿನ ಪುನರ್ಜನ್ಮ ನಾನು ಅಂತ ಹೇಳಿಕೊಳ್ಳೋ ಲೋಬ್ಸಾಂಗ್ ಅನ್ನೋ ಕಂಪ್ಯೂಟರ್, ಇವಿಷ್ಟು ಬಿಟ್ಟರೆ ಉಳಿದದ್ದೆಲ್ಲ ಬ್ಯಾಕ್ಸ್‌ಟರ್ ಅವರ ಗಂಭೀರ ವಿಜ್ಞಾನ ಅಂತ ಅವಳ ತೀರ್ಪು.

ಇದಕ್ಕೆ ಹಿನ್ನೆಲೆ ಇದೆ. ಈ ಕಲ್ಪನೆ ಪ್ರ್ಯಾಚೆಟ್‌ಗೆ 1980ರ ದಶಕದಲ್ಲೇ ಹೊಳೆದದ್ದು. 'ದಿ ಹೈ ಮೆಗ್ಗಾಸ್' ಅಂತ ಒಂದು ಕಥೆ ಬರೆದಿಟ್ಟಿದ್ದರು. ಅಷ್ಟರಲ್ಲಿ ಡಿಸ್ಕ್‌ವರ್ಲ್ಡ್ ಗೆದ್ದಿತು, ಇದು ಮೂಲೆಗೆ ಸೇರಿತು. 2007ರ ಕೊನೆಯಲ್ಲಿ ತಮಗೆ ಅಲ್ಜೈಮರ್ ಇದೆ ಅಂತ ಅವರೇ ಜಗತ್ತಿಗೆ ಹೇಳಿದರು. ಹಳೆಯ ಕಲ್ಪನೆಗೆ ಜೊತೆಗಾರನಾಗಿ ಸಿಕ್ಕವರು ಬ್ಯಾಕ್ಸ್‌ಟರ್. ಕೇಂಬ್ರಿಜ್‌ನಲ್ಲಿ ಗಣಿತ ಓದಿ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಮಾಡಿದವರು. ಪ್ರ್ಯಾಚೆಟ್ 2015ರ ಮಾರ್ಚ್‌ನಲ್ಲಿ ತೀರಿಕೊಂಡರು, ಕೊನೆಯ ಪುಸ್ತಕ ಬಂದದ್ದು ಆಮೇಲೆ. ಇದನ್ನ ಹೇಳಿದಾಗ ಭಕ್ತೆ ಸ್ವಲ್ಪ ಮೆತ್ತಗಾದಳು. ದೂರು ಮಾತ್ರ ವಾಪಸ್ ತಗೊಳ್ಳಲಿಲ್ಲ.

ಟೆಸ್ಟಿಂಗ್ ಮಾಡೋ ಗೆಳೆಯನದ್ದು ಇನ್ನೂ ನೇರ ಮಾತು. "ಗುರು, ಜೋಶುವಾ ಮತ್ತೆ ಲೋಬ್ಸಾಂಗ್ ಏರ್‌ಶಿಪ್ ಹತ್ತುತ್ತಾರೆ. ಒಂದು ಭೂಮಿ ನೋಡ್ತಾರೆ, ಮುಂದಕ್ಕೆ ಹೋಗ್ತಾರೆ. ಇನ್ನೊಂದು ನೋಡ್ತಾರೆ, ಮುಂದಕ್ಕೆ ಹೋಗ್ತಾರೆ. ಇದು ಕಾದಂಬರಿನಾ, ಟೂರ್ ಪ್ಯಾಕೇಜಾ?" ಮುನ್ನೂರು ಪುಟ ತಲುಪೋ ಮೊದಲೇ ಅವನು ಬಿಟ್ಟಿದ್ದ. ಅವನ ಮಾತಲ್ಲಿ ಸತ್ಯ ಇದೆ. ಹಾಡುವ ಟ್ರೋಲ್‌ಗಳು ಯಾವುದಕ್ಕೋ ಹೆದರಿ ನಮ್ಮ ಭೂಮಿಯ ಕಡೆಗೆ ಓಡಿ ಬರ್ತಿವೆ ಅನ್ನೋ ಕುತೂಹಲದ ಎಳೆ ಒಂದಿದೆ. ಆದರೆ ಅದು ಬಿಗಿಯಾಗೋಕೆ ಬಹಳ ಹೊತ್ತು ಬೇಕು.

ರಾಡ್ ಗ್ರೀನ್

(ಮೊದಲ ಪುಸ್ತಕದ ಕೊನೆ ಈಗಲೇ ಗೊತ್ತಾಗಬಾರದು ಅನ್ನೋರು ಈ ಭಾಗ ಬಿಟ್ಟು ಮುಂದಿನದಕ್ಕೆ ಹೋಗಿ.)

ಆರನೇ ಓದುಗರು ನಮ್ಮ ಮ್ಯಾನೇಜರ್. ಅಷ್ಟು ಹೊತ್ತು ಸುಮ್ಮನಿದ್ದವರು ಕೇಳಿದ್ದು ಒಂದೇ ಪ್ರಶ್ನೆ: "ಆ ಹುಡುಗನ ಬಗ್ಗೆ ಯಾರೂ ಯಾಕೆ ಮಾತಾಡ್ತಿಲ್ಲ?"

ಕಥೆಯಲ್ಲಿ ಒಂದಷ್ಟು ಜನರಿಗೆ ದಾಟೋಕೇ ಬರಲ್ಲ. ಡಬ್ಬಿ ಇದ್ದರೂ ಅವರ ದೇಹ ಒಪ್ಪಲ್ಲ. ಮ್ಯಾಡಿಸನ್ನಿನ ಗ್ರೀನ್ ಕುಟುಂಬದಲ್ಲಿ ಅಪ್ಪ, ಅಮ್ಮ, ಮಗಳು ಎಲ್ಲರಿಗೂ ಆಗುತ್ತೆ. ಮಗ ರಾಡ್‌ಗೆ ಆಗಲ್ಲ. ಅಪ್ಪ ಅಮ್ಮ ಹೊಸ ಬದುಕಿನ ಆಸೆಯಲ್ಲಿ ಲಕ್ಷ ಭೂಮಿಗಳಾಚೆ ಹೊರಡ್ತಾರೆ. ಮಗಳು ಹೆಲೆನ್ ಪ್ರಯಾಣದ ಬಗ್ಗೆ ಬರೆದದ್ದು ಪುಸ್ತಕದಲ್ಲೇ ಅತ್ಯಂತ ಲವಲವಿಕೆಯ ಭಾಗ. ರಾಡ್ ಹಿಂದೆ ಉಳೀತಾನೆ, ಚಿಕ್ಕಮ್ಮನ ಜೊತೆ.

ಆಮೇಲೆ ದಾಟೋರ ಮೇಲೆ ಸಿಟ್ಟಿರೋ ಜನರ ಒಂದು ಚಳವಳಿ ಬೆಳೆಯುತ್ತೆ. ಪುಸ್ತಕ ಮುಗಿಯೋದು ಮ್ಯಾಡಿಸನ್ ಮೇಲೆ ಅಣುಬಾಂಬ್ ಸಿಡಿಯೋದರಿಂದ. ಆ ಸಂಚಿನಲ್ಲಿ ರಾಡ್ ಕೂಡ ಇದ್ದ.

"ಬಾಂಬ್ ಇಟ್ಟಿದ್ದನ್ನ ನಾನು ಒಪ್ಪಲ್ಲ," ಅಂದರು ಮ್ಯಾನೇಜರ್. "ಆದರೆ ಅಪ್ಪ ಅಮ್ಮನನ್ನೂ ಕ್ಷಮಿಸೋಕಾಗಲಿಲ್ಲ. ಒಬ್ಬನಿಗೆ ಆಗಲ್ಲ ಅಂದ್ರೆ ಯಾರೂ ಹೋಗಬಾರದು."

ಟೆಸ್ಟಿಂಗ್ ಗೆಳೆಯ ತಕ್ಷಣ ತಿರುಗಿಬಿದ್ದ. "ಹಂಗಂದ್ರೆ ಮಗಳ ಗತಿ ಏನು ಮೇಡಂ? ಅಣ್ಣನಿಗೆ ಆಗಲ್ಲ ಅಂತ ಅವಳೂ ಇಲ್ಲೇ ಕೊಳೀಬೇಕಾ?"

ಅಲ್ಲಿಂದ ಮಾತು ಪುಸ್ತಕದ ಹೊರಗೆ ಹೋಯಿತು. ನಮ್ಮ ಆರು ಜನರಲ್ಲಿ ಐವರು ಬೆಂಗಳೂರಿಗೆ ಬೇರೆ ಊರಿಂದ ಬಂದವರು. ಒಬ್ಬರ ಅಣ್ಣ ಜರ್ಮನಿಯಲ್ಲಿ. ಇನ್ನೊಬ್ಬರಿಗೆ ಕೆನಡಾದ ಕಾಗದ ಬಂದು ಎಂಟು ತಿಂಗಳಾಯ್ತು, ಅಪ್ಪನ ಡಯಾಲಿಸಿಸ್ ಕಾರಣಕ್ಕೆ ಟಿಕೆಟ್ ಮಾಡಿಸಿಲ್ಲ. ಇದು ನಮಗ್ಯಾರಿಗೂ ಗೊತ್ತಿರಲಿಲ್ಲ, ಅವತ್ತೇ ಗೊತ್ತಾಗಿದ್ದು. ಹೋಗೋರು ಕೆಟ್ಟವರಲ್ಲ, ಉಳಿಯೋರು ದಡ್ಡರಲ್ಲ ಅಂತ ಎಲ್ಲರೂ ತಲೆ ಆಡಿಸಿದೆವು. ಆದರೆ ಹೋಗೋಕೆ ಆಗದವರನ್ನ ಏನು ಮಾಡೋದು ಅಂದಾಗ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಈ ಪುಸ್ತಕದ ನಿಧಾನಗತಿ ನನಗೆ ಅಷ್ಟಾಗಿ ಕಾಡಲಿಲ್ಲ. ನಡೆದು ನೋಡುವ ಪುಸ್ತಕ ನಿಧಾನವಾಗಿಯೇ ಇರಬೇಕು. ನನ್ನ ತಕರಾರು ಬೇರೆ: ತನ್ನೊಳಗಿನ ಅತ್ಯುತ್ತಮ ಕಥೆಯ ಪಕ್ಕದಲ್ಲೇ ಈ ಪುಸ್ತಕ ಹಾದುಹೋಗುತ್ತೆ. ಏರ್‌ಶಿಪ್ಪಿಗೆ ನೂರಾರು ಪುಟ, ರಾಡ್‌ಗೆ ಬೆರಳೆಣಿಕೆಯಷ್ಟು. ಅಪ್ಪ ಅಮ್ಮ ಹೊರಟ ದಿನ ಅವನು ಏನು ಮಾಡಿದ, ರಾತ್ರಿ ಊಟ ಮಾಡಿದನಾ, ತಂಗಿಯ ಕೋಣೆಯ ಬಾಗಿಲು ತೆಗೆದು ನೋಡಿದನಾ? ಅದು ಓದೋಕೆ ಸಿಕ್ಕಿದ್ದರೆ ಕೊನೆಯ ಸ್ಫೋಟ ನಮ್ಮ ಎದೆಯಲ್ಲೇ ಆಗ್ತಿತ್ತು.

ಆದರೂ ಒಂದು ಮಾತು ಹೇಳಲೇಬೇಕು. ಲಕ್ಷಾಂತರ ಭೂಮಿ ತೋರಿಸಿದ ಪುಸ್ತಕದಲ್ಲಿ ನಮ್ಮನ್ನ ಎರಡನೇ ಶುಕ್ರವಾರಕ್ಕೂ ಎಳೆದು ತಂದದ್ದು ಒಂದು ಭೂಮಿಯಲ್ಲೇ ಸಿಕ್ಕಿಕೊಂಡ ಹುಡುಗ. ಕೆಲವೇ ಪುಟಗಳಲ್ಲಿ ಅಷ್ಟು ಮಾಡಿದ್ದಾರೆ ಅಂದ್ರೆ ಲೇಖಕರು ಸೋತಿದ್ದಾರೆ ಅನ್ನೋಕಾಗಲ್ಲ.

ಹಾಗಾದ್ರೆ ಓದಬೇಕಾ?

ಮೊದಲನೇ ಪುಸ್ತಕ ಖಂಡಿತ ಓದಿ. ಪತ್ತೇದಾರಿ ವೇಗ ಬೇಕು ಅನ್ನೋರಿಗೆ ಬೇಜಾರಾಗಬಹುದು, ಆದರೆ 'ಹೀಗಾದ್ರೆ ಏನಾಗುತ್ತೆ' ಅಂತ ಯೋಚಿಸೋ ಚಟ ಇದ್ದರೆ ಮೆಟ್ರೋದಲ್ಲಿ ಸ್ಟೇಷನ್ ತಪ್ಪಿಸೋ ಪುಸ್ತಕ. ಎರಡನೆಯದು 'ದಿ ಲಾಂಗ್ ವಾರ್', ಹೆಸರಲ್ಲಿ ಯುದ್ಧ ಇದ್ದರೂ ಯುದ್ಧ ಹುಡುಕಬೇಡಿ. ಮೂರನೆಯದರಲ್ಲಿ ಇದೇ ಆಟ ಮಂಗಳ ಗ್ರಹದಲ್ಲಿ, ವಿಜ್ಞಾನ ಇಷ್ಟಪಡೋರಿಗೆ ಹಬ್ಬ. ನಾಲ್ಕನೆಯದರಲ್ಲಿ ಲೋಬ್ಸಾಂಗ್ ಮಾಮೂಲಿ ಮನುಷ್ಯನ ಥರ ಸಂಸಾರ ಮಾಡೋಕೆ ನೋಡ್ತಾನೆ. ನನಗೆ ಮೊದಲನೆಯದು ಬಿಟ್ಟರೆ ಅದೇ ಇಷ್ಟ. ಐದನೆಯದು, ಅಲ್ಲಿವರೆಗೂ ಬಂದವರು ಹೇಗೂ ಬಿಡಲ್ಲ.

ಒಬ್ಬರೇ ಓದೋದಕ್ಕಿಂತ ನಾಲ್ಕು ಜನ ಸೇರಿ ಓದಿದರೆ ಇದರ ರುಚಿ ಹೆಚ್ಚು. ಮನೆಯಲ್ಲೇ ಆದರೂ ಸರಿ. ಕಥೆ ಹೇಳಿ, ಊಟದ ಹೊತ್ತಲ್ಲಿ ಒಂದು ಪ್ರಶ್ನೆ ಕೇಳಿ: ನೀವು ಗ್ರೀನ್ ಕುಟುಂಬದಲ್ಲಿ ಇದ್ದಿದ್ದರೆ ಹೊರಡ್ತಿದ್ರಾ, ಉಳೀತಿದ್ರಾ? ಅಪ್ಪ ಒಂದು ಹೇಳ್ತಾರೆ, ಅಮ್ಮ ಇನ್ನೊಂದು. ಬಂದ ಉತ್ತರಗಳನ್ನ ನಮ್ಮ ಓದುಗರ ಅಂಕಣಕ್ಕೂ ಬರೆದು ಕಳಿಸಿ. ನಮ್ಮ ಕ್ಯಾಂಟೀನಿನಲ್ಲಿ ಇನ್ನೂ ಮೂರು–ಮೂರು ಇದೆ.