ಓಡುವ ಗ್ವಾದಲೂಪೆ

ಮೆಕ್ಸಿಕೋ ದೇಶದ ಗ್ವಾದಲೂಪೆ ಮಾತೆಯದು ನಿಂತ ಭಂಗಿ. 1531ರಲ್ಲಿ ಮೂಲನಿವಾಸಿಯೊಬ್ಬನ ಹೊದಿಕೆಯ ಮೇಲೆ ತಾನಾಗಿ ಮೂಡಿತೆಂದು ಭಕ್ತರು ನಂಬುವ ಆ ಚಿತ್ರದಲ್ಲಿ ಮಾತೆಯು ಕಣ್ಣು ತಗ್ಗಿಸಿ, ಕೈಮುಗಿದು, ಕಿರಣಗಳ ಪ್ರಭಾವಳಿಯ ನಡುವೆ ನಿಶ್ಚಲಳಾಗಿದ್ದಾಳೆ. ದೇವದೂತನೊಬ್ಬ ಕೆಳಗಿನಿಂದ ಆಕೆಯನ್ನು ಹೊತ್ತಿದ್ದಾನೆ.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮೆಕ್ಸಿಕನ್ ಮೂಲದ ಮನೆತನದಲ್ಲಿ ಜನಿಸಿದ ಯೊಲಾಂಡಾ ಲೋಪೆಜ್ (1942-2021) ವಿದ್ಯಾರ್ಥಿದೆಸೆಯಲ್ಲಿ ಓಟವನ್ನು ರೂಢಿಸಿಕೊಂಡಿದ್ದ ಕಲಾವಿದೆ. 1978ರಲ್ಲಿ ಎಣ್ಣೆ ಪ್ಯಾಸ್ಟೆಲಿನಲ್ಲಿ ರಚಿಸಿದ ಆತ್ಮಚಿತ್ರದಲ್ಲಿ ಅವರು ಮಾತೆಯ ಸ್ಥಾನದಲ್ಲಿ ತಮ್ಮನ್ನೇ ಇರಿಸಿ, ಪ್ರಭಾವಳಿಯಿಂದ ಹೊರಗೆ ಓಡಿಸಿದರು. ಕಾಲಿಗೆ ಓಟದ ಬೂಟು. ಒಂದು ಕೈಯಲ್ಲಿ ಹಾವು, ಇನ್ನೊಂದರಲ್ಲಿ ಹಾರಾಡುವ ನಕ್ಷತ್ರಖಚಿತ ಮೇಲುಸೆರಗು. ಬಿಗಿದ ತೊಡೆ, ನಗುವ ಮುಖ. ಕೆಂಪು, ಬಿಳಿ, ನೀಲಿ ರೆಕ್ಕೆಗಳ ದೇವದೂತನನ್ನು ಆಕೆ ದಾಟಿ ಹೋಗುತ್ತಿದ್ದಾಳೆ. ಆ ಬಣ್ಣಗಳು ಯಾವ ಧ್ವಜದವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಅಪಹಾಸ್ಯವೆಂದು ಬಗೆಯುವುದು ಸಲ್ಲದು. ಜೊತೆಯ ಎರಡು ಚಿತ್ರಗಳಲ್ಲಿ ಅದೇ ಪ್ರಭಾವಳಿಯೊಳಗೆ ಹೊಲಿಗೆಯಂತ್ರದ ಮುಂದೆ ಕುಳಿತ ತಾಯಿಯೂ ಹಾವಿನ ಚರ್ಮ ಹಿಡಿದ ಅಜ್ಜಿಯೂ ಇದ್ದಾರೆ. ದೇವಿಗೆ ಸಲ್ಲುವ ಗೌರವ ಇಲ್ಲಿ ದುಡಿದು ಬದುಕಿದ ಹೆಂಗಸರಿಗೆ ಸಂದಿದೆ. ಆದರೂ ಇದೇ ಕಲಾವಿದೆಯ ಇನ್ನೊಂದು ಕೃತಿ, ಮೋಟು ಉಡುಪು ತೊಟ್ಟು ನಡೆಯುವ ಗ್ವಾದಲೂಪೆ, 1984ರಲ್ಲಿ ಮೆಕ್ಸಿಕೋದ ಸ್ತ್ರೀವಾದಿ ಪತ್ರಿಕೆಯೊಂದರ ಮುಖಪುಟದಲ್ಲಿ ಅಚ್ಚಾದಾಗ ಆ ಪತ್ರಿಕೆಗೆ ಬಾಂಬಿನ ಬೆದರಿಕೆಗಳು ಬಂದವು.