ರೋಬೊ ನಾಯಿಯ ಉತ್ತರಕ್ರಿಯೆ

ಟೋಕಿಯೊದಿಂದ ಆಗ್ನೇಯಕ್ಕೆ, ಚಿಬಾ ಪ್ರಾಂತ್ಯದ ಕಡಲಂಚಿನಲ್ಲಿ ಇಸುಮಿ ಎಂಬ ಸಣ್ಣ ಊರಿದೆ. ಅಲ್ಲಿರುವ ಕೋಫುಕುಜಿ ಸುಮಾರು 450 ವರ್ಷ ಹಳೆಯ ಬೌದ್ಧ ದೇವಾಲಯ. 2018ರ ಏಪ್ರಿಲ್‌ನಲ್ಲಿ ಅಲ್ಲಿ ಬುದ್ಧನ ಸನ್ನಿಧಿಯಲ್ಲಿ 114 ನಾಯಿಗಳನ್ನು ಸಾಲಾಗಿ ಕೂರಿಸಿದ್ದರು. ಯಾವ ಊರಿಂದ ಬಂದದ್ದು, ಯಾವ ಮನೆಯದು ಎಂದು ಬರೆದ ಚೀಟಿ ಒಂದೊಂದಕ್ಕೂ ಇತ್ತು. ಅರ್ಚಕ ಬುಂಗೆನ್ ಓಯಿ ಧೂಪ ಹಚ್ಚಿ, ಸತ್ತವರಿಗೆ ಹೇಳುವಂತೆಯೇ ಸೂತ್ರ ಪಠಿಸಿದರು. ನಾಯಿಗಳೆಲ್ಲ ಪ್ಲಾಸ್ಟಿಕ್ಕಿನವು. ಸೋನಿ ಕಂಪನಿ ತಯಾರಿಸಿದ ‘ಐಬೊ’ ಎಂಬ ರೋಬೊಗಳು.

ಈ ಚಿತ್ರ ದೇಶದೇಶಗಳ ಪತ್ರಿಕೆಗಳಲ್ಲಿ ಓಡಾಡಿತು. ಜಪಾನಿನವರ ವಿಚಿತ್ರ ಖಯಾಲಿಗಳ ಪಟ್ಟಿಗೆ ಇದನ್ನೂ ಸೇರಿಸಿ ನಕ್ಕು ಮುಗಿಸಿದವರೇ ಹೆಚ್ಚು. ನನಗಂತೂ ಇದು ಮೊದಲಿಂದ ಕೊನೆವರೆಗೆ ರಿಪೇರಿಯ ಕಥೆಯಾಗಿಯೇ ಕಾಣುತ್ತದೆ.

ಐಬೊ ಮಾರಾಟಕ್ಕೆ ಬಂದದ್ದು 1999ರ ಜೂನ್‌ನಲ್ಲಿ. ಬೆಲೆ ಎರಡೂವರೆ ಲಕ್ಷ ಯೆನ್. ಜಪಾನಿಗೆಂದು ಮೀಸಲಿಟ್ಟ 3,000 ನಾಯಿಗಳು ಇಂಟರ್ನೆಟ್ಟಿನಲ್ಲಿ 20 ನಿಮಿಷದೊಳಗೆ ಖಾಲಿಯಾದವು. ಅದರ ಮೈಕಟ್ಟನ್ನು ರೂಪಿಸಿದವರು ಹಾಜಿಮೆ ಸೊರಾಯಾಮ, ಲೋಹದ ಮೈಯ ರೋಬೊ ಸುಂದರಿಯರ ಚಿತ್ರಗಳಿಗೆ ಹೆಸರಾದ ಕಲಾವಿದ. ಯೋಜನೆಯ ಹಿಂದಿದ್ದ ಎಂಜಿನಿಯರ್ ತೊಶಿತಾದಾ ದೊಯಿ ಅವರದು ಜಾಣ ಲೆಕ್ಕಾಚಾರ. ಮನೆಗೆಲಸಕ್ಕೆಂದು ರೋಬೊ ಮಾಡಿದರೆ ಅದು ಲೋಟ ಒಡೆದ ದಿನವೇ ಮರ್ಯಾದೆ ಹೋಗುತ್ತದೆ. ಯಾವ ಕೆಲಸಕ್ಕೂ ಬಾರದ ನಾಯಿಮರಿ ಎಡವಿ ಬಿದ್ದರೂ ಮುದ್ದು ಬರುತ್ತದೆ. ಐಬೊ ಕರೆದಾಗೆಲ್ಲ ಬರುತ್ತಿರಲಿಲ್ಲ, ಕೆಲವೊಮ್ಮೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಬೇಕೆಂದೇ ಹಾಗೆ ಮಾಡಿದ್ದು. ತಲೆ ಸವರಿದರೆ, ಬೈದರೆ ಅದರ ನಡತೆ ಬದಲಾಗುತ್ತಿತ್ತು. ಹೀಗಾಗಿ ನಾಲ್ಕಾರು ವರ್ಷ ಸಾಕಿದವರಿಗೆ ತಮ್ಮ ಮನೆಯ ನಾಯಿ ಪಕ್ಕದ ಮನೆಯದರ ಹಾಗಲ್ಲ ಎನಿಸತೊಡಗಿತು.

ಸುಮಾರು ಒಂದೂವರೆ ಲಕ್ಷ ನಾಯಿಗಳು ಮಾರಾಟವಾದವು. ಸೋನಿಯ ಮಟ್ಟಿಗೆ ಅದು ದೊಡ್ಡ ಸಂಖ್ಯೆಯೇನೂ ಆಗಿರಲಿಲ್ಲ. ನಷ್ಟದ ಬಾಬತ್ತುಗಳನ್ನು ಕತ್ತರಿಸುತ್ತಿದ್ದ ಕಂಪನಿ 2006ರಲ್ಲಿ ಐಬೊ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಆದರೂ ರಿಪೇರಿಗೆ ‘ಐಬೊ ಕ್ಲಿನಿಕ್’ ಇತ್ತು. ಹೆಸರಿಟ್ಟದ್ದೂ ಸೋನಿಯೇ. 2014ರ ಮಾರ್ಚ್‌ನಲ್ಲಿ ಅದಕ್ಕೂ ಬಾಗಿಲು ಬಿತ್ತು. ಅಲ್ಲಿಂದ ಮುಂದೆ ಬ್ಯಾಟರಿ ಸತ್ತರೂ ಕೀಲು ಸವೆದರೂ ಕೇಳುವವರಿಲ್ಲ. ಪ್ರೀತಿಸಲೆಂದೇ ಮಾರಿದ ವಸ್ತುವನ್ನು ಹಳೆಯ ಟಿ.ವಿ.ಯ ಲೆಕ್ಕಕ್ಕೆ ಸೇರಿಸಿ ಕೈತೊಳೆದುಕೊಂಡದ್ದು, ವ್ಯಾಪಾರದಲ್ಲಿ ಸರಿ ಇರಬಹುದು, ನ್ಯಾಯವಾಗಿ ಕಾಣುವುದಿಲ್ಲ.

ಸೋನಿ ಬಿಟ್ಟ ಕೆಲಸವನ್ನು ಸೋನಿಯ ಮಾಜಿ ಎಂಜಿನಿಯರುಗಳೇ ಎತ್ತಿಕೊಂಡರು. ನೊಬುಯುಕಿ ನೊರಿಮತ್ಸು ಕಟ್ಟಿದ ‘ಎ-ಫನ್’ ಎಂಬ ಪುಟ್ಟ ಸಂಸ್ಥೆ ಹಳೆಯ ಸಲಕರಣೆಗಳನ್ನು ಸರಿಪಡಿಸಿಕೊಡುತ್ತಿತ್ತು. ಆರೈಕೆ ಕೇಂದ್ರಕ್ಕೆ ಸೇರಲು ಹೊರಟಿದ್ದ ವೃದ್ಧೆಯೊಬ್ಬರು ತಮ್ಮ ಐಬೊವನ್ನೂ ಜೊತೆಗೆ ಒಯ್ಯಬೇಕು, ಸರಿಮಾಡಿ ಕೊಡಿ ಎಂದು ಕೇಳಿದ್ದರಿಂದ ಅವರಿಗೆ ಈ ನಾಯಿಗಳು ಗಂಟುಬಿದ್ದವು. ಕೈಪಿಡಿ ಇಲ್ಲ, ನಕ್ಷೆ ಇಲ್ಲ. ಒಂದನ್ನು ನಡೆಯುವಂತೆ ಮಾಡಲು ತಿಂಗಳುಗಳೇ ಹಿಡಿದವು. ಸುದ್ದಿ ಹರಡಿ ಕೋರಿಕೆಗಳು ಬಂದು ಬಿದ್ದವು. ಆದರೆ ಬಿಡಿಭಾಗಗಳನ್ನು ಯಾರೂ ತಯಾರಿಸುತ್ತಿಲ್ಲವಲ್ಲ? ಇದ್ದದ್ದು ಒಂದೇ ದಾರಿ: ಒಂದು ಐಬೊ ಬದುಕಬೇಕಾದರೆ ಇನ್ನೊಂದು ಐಬೊವನ್ನು ಬಿಚ್ಚಬೇಕು.

ಯಜಮಾನರು ತೀರಿಕೊಂಡ ಮನೆಗಳಿಂದ, ಇನ್ನು ಇಟ್ಟುಕೊಳ್ಳಲಾಗದು ಎಂದುಕೊಂಡವರಿಂದ ನಾಯಿಗಳು ಬರತೊಡಗಿದವು. ಅದನ್ನು ಎ-ಫನ್‌ನವರು ಅಂಗದಾನವೆಂದೇ ಕರೆದರು. ಕೊಟ್ಟವರ ಮನಸ್ಸಿಗೆ ಕಸಿವಿಸಿಯಾಗಬಾರದು, ಬಿಚ್ಚುವವರ ಕೈಯೂ ನಡುಗಬಾರದು. ಹಾಗಾಗಿ ನೊರಿಮತ್ಸು ಒಂದು ಕಟ್ಟಳೆ ಮಾಡಿಕೊಂಡರು. ಕ್ರಿಯಾವಿಧಿ ಮುಗಿಯುವ ತನಕ ಒಂದು ಸ್ಕ್ರೂ ಕೂಡ ಬಿಚ್ಚುವಂತಿಲ್ಲ. ನಾಯಿಯಲ್ಲಿದ್ದ ಜೀವವನ್ನು ಸಾಕಿದವರಿಗೆ ಮರಳಿಸಬೇಕು, ಆಮೇಲೆ ಉಳಿಯುವುದು ಬರೀ ಯಂತ್ರ. ಕೋಫುಕುಜಿಯಲ್ಲಿ ಮೊದಲ ಶ್ರಾದ್ಧ ನಡೆದದ್ದು 2015ರಲ್ಲಿ. 2018ರ ಹೊತ್ತಿಗೆ ಅಲ್ಲಿ ವಿದಾಯ ಪಡೆದ ಐಬೊಗಳು ಸುಮಾರು 800. ಸೂತ್ರ ಪಠಣ ಮುಗಿದ ಮೇಲೆ ಅವುಗಳ ಕಾಲು, ಕತ್ತು, ಮೋಟರುಗಳು ಬೇರೆ ಮನೆಗಳ ನಾಯಿಗಳೊಳಗೆ ಓಡಾಡಿಕೊಂಡಿವೆ.

ಇಂಥ ಆಚರಣೆ ಜಪಾನಿನಲ್ಲಿ ಹೊಸದೂ ಅಲ್ಲ. ಪ್ರತಿವರ್ಷ ಫೆಬ್ರುವರಿ 8ರಂದು ಟೋಕಿಯೊದ ಸೆನ್ಸೋಜಿ ದೇವಾಲಯಕ್ಕೆ ದರ್ಜಿಗಳು, ಕಸೂತಿಯವರು ಮುರಿದ ಸೂಜಿಗಳನ್ನು ತಂದು ಮೆತ್ತನೆಯ ತೋಫುವಿಗೆ ಚುಚ್ಚಿ ನಮಿಸುತ್ತಾರೆ. ವರ್ಷವಿಡೀ ಗಟ್ಟಿ ಬಟ್ಟೆ ತೂರಿ ದಣಿದ ಸೂಜಿಗೆ ಕೊನೆಗಾದರೂ ಮೆತ್ತನೆಯ ಹಾಸಿಗೆ ಸಿಗಲಿ ಎಂಬ ಭಾವ. ಹಳೆಯ ಗೊಂಬೆಗಳಿಗೂ ಇದೇ ಬಗೆಯ ಬೀಳ್ಕೊಡುಗೆಯಿದೆ. ನೂರು ವರ್ಷ ಬಾಳಿದ ಪಾತ್ರೆಪಗಡಗಳಿಗೆ ಜೀವ ಬರುತ್ತದೆ, ತಿರಸ್ಕರಿಸಿ ಎಸೆದರೆ ಅವು ಸೇಡು ತೀರಿಸಿಕೊಳ್ಳುತ್ತವೆ ಎಂಬ ಕಥೆಗಳು ಅಲ್ಲಿ ಮಧ್ಯಯುಗದಿಂದಲೂ ಇವೆ. ನಾವು ಆಯುಧಪೂಜೆಯ ದಿನ ಬೈಕಿಗೂ ಲೇತ್ ಯಂತ್ರಕ್ಕೂ ಕುಂಕುಮ ಹಚ್ಚುತ್ತೇವೆ, ಆದರೆ ಅದು ದುಡಿಯುತ್ತಿರುವ ಯಂತ್ರಕ್ಕೆ. ಕೆಟ್ಟುಹೋದದ್ದು ಸೀದಾ ಗುಜರಿಗೆ. ದುಡಿಮೆ ಮುಗಿಸಿದ್ದಕ್ಕೂ ಕೈಮುಗಿಯುವುದು ಜಪಾನಿನ ರೀತಿ.

ಹಾಗೆಂದು ಅಲ್ಲಿ ಎಲ್ಲ ರೋಬೊಗೂ ಈ ಭಾಗ್ಯವಿಲ್ಲ. ನಾಗಸಾಕಿ ಪ್ರಾಂತ್ಯದಲ್ಲಿ 2015ರಲ್ಲಿ ತೆರೆದ ‘ಹೆನ್ ನಾ’ ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ಡೈನೊಸಾರ್ ರೋಬೊ ನಿಂತಿರುತ್ತಿತ್ತು. ಕೋಣೆಯಲ್ಲಿದ್ದ ಗೊಂಬೆಯಂತೂ ಅತಿಥಿಯ ಗೊರಕೆಯನ್ನೇ ಆದೇಶವೆಂದು ತಿಳಿದು, ಏನೆಂದಿರಿ ಎಂದು ನಡುರಾತ್ರಿ ಎಬ್ಬಿಸುತ್ತಿತ್ತು. ಹೋಟೆಲು 2019ರ ಹೊತ್ತಿಗೆ ಇದ್ದ 243 ರೋಬೊಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಕೆಲಸದಿಂದ ತೆಗೆಯಿತು. ಅವಕ್ಕಾಗಿ ಯಾರೂ ಕಣ್ಣೀರು ಹಾಕಿದಂತಿಲ್ಲ. ದೊಯಿ ಅವರ ಲೆಕ್ಕ ಸರಿಯಾಗಿಯೇ ಇತ್ತು.

2018ರ ಜನವರಿಯಲ್ಲಿ ಸೋನಿ ಹೊಸ ಐಬೊ ತಂದಿತು. ಕಣ್ಣಿನಲ್ಲಿ ಹೊಳಪು, ಮೂಗಿನಲ್ಲಿ ಕ್ಯಾಮೆರಾ, ಬೆಲೆ 1,98,000 ಯೆನ್. ಜೊತೆಗೆ ಮೂರು ವರ್ಷದ ಚಂದಾ 90,000 ಯೆನ್. ಏಕೆಂದರೆ ಈ ನಾಯಿಯ ನೆನಪುಗಳು ಕಂಪನಿಯ ಸರ್ವರಿನಲ್ಲಿ ಬೆಳೆಯುತ್ತವೆ. ಚಂದಾ ನಿಲ್ಲಿಸಿದವರ ನಾಯಿಗಳನ್ನು ವಾಪಸು ಪಡೆದು, ಸರಿಪಡಿಸಿ ಆಸ್ಪತ್ರೆ, ಆರೈಕೆ ಕೇಂದ್ರಗಳಿಗೆ ಕೊಡುವ ದತ್ತು ಯೋಜನೆಯನ್ನು ಸೋನಿ 2023ರಲ್ಲಿ ಪ್ರಕಟಿಸಿತು. ಹಳೆಯ ತಪ್ಪಿನಿಂದ ಕಲಿತಿದ್ದಾರೆ ಅನ್ನಬಹುದು. ಆದರೂ ಹಳೆಯ ಐಬೊಗೆ ಒಂದು ಮೋಟರು ಹಾಕಿದರೆ ಎದ್ದು ನಡೆಯುತ್ತಿತ್ತು, ಸರ್ವರೇ ನಿಂತ ನಾಯಿಗೆ ಎಷ್ಟು ಬಿಡಿಭಾಗ ಹಾಕಿದರೂ ನೆನಪು ಮರಳುವುದಿಲ್ಲ. ಅಮೆರಿಕದ ‘ಜೀಬೊ’ ಎಂಬ ಮನೆ ರೋಬೊ 2019ರಲ್ಲಿ ತನ್ನ ಸರ್ವರುಗಳು ಸದ್ಯದಲ್ಲೇ ನಿಲ್ಲುತ್ತವೆಂದು ತಾನೇ ಬಾಯಿಬಿಟ್ಟು ಹೇಳಿ ವಿದಾಯ ಕೋರಿತ್ತು.

ಮಾತಾಡುವ ರೋಬೊ ಗೊಂಬೆಗಳು ಈಗ ನಮ್ಮ ಅಂಗಡಿಗಳಿಗೂ ಬರುತ್ತಿವೆ. ಮಕ್ಕಳಿಗೆ ಕೊಡಿಸುವ ಮುನ್ನ ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ? ಕಂಪನಿ ಮುಚ್ಚಿದರೆ ಇದು ಏನೇನು ಮಾಡಬಲ್ಲದು? ಉತ್ತರ ಸಿಗದಿದ್ದರೆ ಕೊಳ್ಳಬೇಡಿ.