ರೊಸೆಟೊ ಊರಿನ ಗುಂಡಿಗೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ರೊಸೆಟೊ ಎಂಬ ಸಣ್ಣ ಊರಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಇಟಲಿಯ ರೊಸೆಟೊ ವಾಲ್ಫೊರ್ತೊರೆ ಎಂಬ ಹಳ್ಳಿಯಿಂದ ಹೊಟ್ಟೆಪಾಡಿಗೆ ಹೊರಟವರು ಇಲ್ಲಿನ ಸ್ಲೇಟುಗಲ್ಲಿನ ಗಣಿಗಳಲ್ಲಿ ದುಡಿಮೆಗೆ ಸೇರಿ, ತವರಿನ ಹೆಸರನ್ನೇ ಹೊಸ ನೆಲೆಗೂ ಇಟ್ಟರು. ಸುತ್ತಲೂ ಅನ್ಯಭಾಷೆ, ನಡುವೆ ತಮ್ಮ ಮಾತು, ತಮ್ಮ ಹಬ್ಬ, ತಮ್ಮ ಅಡುಗೆ. ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಚಿತ್ರ ಅಪರಿಚಿತವೇನಲ್ಲ. ನಮ್ಮಲ್ಲಿ ಅನೇಕರು ಊರು ಬಿಟ್ಟು ಬಂದವರಲ್ಲ, 1956ರಲ್ಲಿ ಗಡಿಯೇ ನಮ್ಮನ್ನು ದಾಟಿ ಹೋಯಿತು ಎಂಬುದು ಬೇರೆ ಮಾತು.

1960ರ ದಶಕದಲ್ಲಿ ಸ್ಟೀವರ್ಟ್ ವುಲ್ಫ್ ಎಂಬ ವೈದ್ಯರು ಈ ಊರಿನ ಒಂದು ವಿಚಿತ್ರಕ್ಕೆ ಕಾರಣ ಹುಡುಕತೊಡಗಿದರು. ನಡುವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಅಲ್ಲಿ ತೀರ ವಿರಳ. ಪಥ್ಯವೇ ಕಾರಣವೆನ್ನೋಣವೆಂದರೆ ಅವರು ಹಂದಿಯ ಕೊಬ್ಬಿನಲ್ಲಿ ಕರಿದದ್ದನ್ನು ತಿನ್ನುತ್ತಿದ್ದರು, ಹೊಗೆ ಸೇದುತ್ತಿದ್ದರು, ಕಲ್ಲಿನ ಧೂಳು ಕುಡಿಯುತ್ತಿದ್ದರು. ಪಕ್ಕದ ಬ್ಯಾಂಗರ್ ಊರಿಗೂ ಇದಕ್ಕೂ ನೀರು ಒಂದೇ, ಆಸ್ಪತ್ರೆಯೂ ಒಂದೇ. ಆದರೂ ಬ್ಯಾಂಗರಿಗೆ ಈ ಭಾಗ್ಯವಿರಲಿಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ಊರಿನ ಬಾಳುವೆಯ ರೀತಿ. ಮೂರು ತಲೆಮಾರು ಒಂದೇ ಸೂರಿನಡಿ. ಸಿರಿವಂತನಿಗೂ ಸಿರಿಯ ಪ್ರದರ್ಶನಕ್ಕೆ ಸಂಕೋಚ. ಮುದುಕರ ಮಾತಿಗೆ ಬೆಲೆ. ಈ ಬಂಧ ಸಡಿಲಗೊಂಡರೆ ರಕ್ಷಣೆಯೂ ಹೋದೀತೆಂದು ಸಂಶೋಧಕರು ಮುಂಚೆಯೇ ಎಣಿಸಿದ್ದರು. ಎಪ್ಪತ್ತರ ದಶಕದ ಹೊತ್ತಿಗೆ ದೊಡ್ಡ ಒಂಟಿಮನೆಗಳೂ ಬೇಲಿಗಳೂ ಎದ್ದವು. ಹೃದಯದ ಕಾಯಿಲೆಯಲ್ಲಿಯೂ ರೊಸೆಟೊ ನೆರೆಯೂರುಗಳಿಗೆ ಸಮನಾಯಿತು. 1935ರಿಂದ 1985ರವರೆಗಿನ ಮರಣದ ದಾಖಲೆಗಳನ್ನು ಹೋಲಿಸಿ 1992ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಕಂಡಿತು.

ಒಂದು ಸಣ್ಣ ಊರನ್ನು ನಂಬಿ ಸಿದ್ಧಾಂತ ಕಟ್ಟಬಾರದೆಂಬ ಆಕ್ಷೇಪ ನ್ಯಾಯವಾದುದು. ಅದಕ್ಕಾಗಿಯೇ 1997ರ ಇನ್ನೊಂದು ಪ್ರಯೋಗವನ್ನು ನೆನೆಯಬೇಕು. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಆರೋಗ್ಯವಂತರಾದ 276 ಮಂದಿಯ ಮೂಗಿಗೆ ನೆಗಡಿಯ ವೈರಾಣುವಿರುವ ಹನಿ ಹಾಕಿ, ಪ್ರತ್ಯೇಕವಾಗಿರಿಸಿ ಕಾದರು. ತಂದೆತಾಯಿ, ಸಂಗಾತಿ, ಗೆಳೆಯರು, ನೆರೆಯವರು, ಸಂಘದವರು ಹೀಗೆ ಆರು ಅಥವಾ ಹೆಚ್ಚು ಬಗೆಯ ಸಂಬಂಧಗಳಿದ್ದವರಿಗಿಂತ, ಮೂರು ಅಥವಾ ಕಡಿಮೆ ಬಗೆಯವು ಇದ್ದವರಿಗೆ ನೆಗಡಿ ಹಿಡಿಯುವ ಅಪಾಯ ನಾಲ್ಕು ಪಟ್ಟಿಗೂ ಮಿಕ್ಕಿತ್ತು. ಎಷ್ಟು ಜನರ ಒಡನಾಟ ಎಂಬುದಕ್ಕಿಂತ ಎಷ್ಟು ಬಗೆಯ ಒಡನಾಟ ಎಂಬುದು ಇಲ್ಲಿ ಮುಖ್ಯವಾಯಿತು.

ಒಂಟಿತನವನ್ನು ಶರೀರವು ಅಪಾಯದ ಸೂಚನೆಯೆಂದೇ ಗ್ರಹಿಸುತ್ತದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ನಿದ್ರೆ ಪದೇ ಪದೇ ಮುರಿಯುತ್ತದೆ. ಒಬ್ಬರೇ ಇರುವುದು ಬೇರೆ, ಒಂಟಿಯಾಗುವುದು ಬೇರೆ. ತುಂಬಿದ ಮನೆಯಲ್ಲಿಯೂ ಎರಡನೆಯದು ಸಾಧ್ಯ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಇದನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಸಾರಿ ಎಚ್ಚರಿಕೆಯ ವರದಿ ಹೊರಡಿಸಿದರು.

ನಮ್ಮ ಮನೆಗಳಲ್ಲಿ ಈ ಒಂಟಿತನಕ್ಕೆ ಭಾಷೆಯ ಮುಖವೂ ಇದೆ. ಕನ್ನಡ ಬಿಟ್ಟು ಬೇರೇನೂ ಬಾರದ ಅಜ್ಜಿಗೆ, ಅಂಗಡಿಯ ಮಾತು ಬೇರೆ, ಟಿ.ವಿ.ಯ ಮಾತು ಬೇರೆ, ಮೊಮ್ಮಕ್ಕಳ ಶಾಲೆಯ ಮಾತೂ ಬೇರೆಯಾದರೆ ಉಳಿಯುವುದು ಗೋಡೆಯಷ್ಟೇ. ಆಕೆ ಬೇಸರವೆಂದು ಬಾಯಿ ಬಿಟ್ಟು ಹೇಳುವವಳಲ್ಲ. ಮಂಡಿನೋವು, ನಿದ್ರೆಯಿಲ್ಲ, ಊಟ ಸೇರದು ಎನ್ನುತ್ತಾಳೆ. ಔಷಧಿ ಕೊಡುವವರು ಸಕ್ಕರೆ ನೋಡುತ್ತಾರೆ, ಒತ್ತಡ ಅಳೆಯುತ್ತಾರೆ. ನಿನ್ನೆ ಯಾರೊಡನೆ ಮಾತಾಡಿದಿರಿ ಎಂದು ಕೇಳುವವರು ಅಪರೂಪ.